ಕೂಗು ಸಮ ಅನ್ನಿಸಿದರೆ ತಲೆ ಎಣಿಸಿ

ಮಂಡ್ಯದ ನಿಮ್ಮ ಕಾಲೇಜಿನ ಅಣಕು ಸಂಸತ್ತಿನಲ್ಲಿ ನೀವೇ ಸ್ಪೀಕರ್, ಧ್ವನಿಮತದಲ್ಲಿ ಎರಡೂ ಕಡೆ ಕೂಗು ಒಂದೇ ಥರ ಕೇಳಿಸಿದರೆ ಏನು ಮಾಡೋದು ಅಂತ ಕೇಳಿದ್ದೀರಿ. ಗಾಬರಿ ಬೇಡ. ಯಾವ ಕಡೆ ಜಾಸ್ತಿ ಅನ್ನಿಸಿತೋ ಅದನ್ನು ಹೇಳಿ. ಯಾರಾದರೂ ಎದ್ದು ಒಪ್ಪಲ್ಲ ಅಂದರೆ ಎಣಿಸಿಬಿಡಿ. ಲೋಕಸಭೆಯಲ್ಲಾದರೆ ಲಾಬಿ (ಸದನಕ್ಕೆ ಹೊಂದಿಕೊಂಡ ಓಡಾಟದ ಜಾಗ) ತೆರವು ಮಾಡಿಸಿ, ಮೂರೂವರೆ ನಿಮಿಷದ ನಂತರ ಪರವೋ ವಿರುದ್ಧವೋ ಅಂತ ಮತ್ತೆ ಕೇಳುತ್ತಾರೆ. ನೀವು ಪರ ಇರುವವರನ್ನು, ವಿರುದ್ಧ ಇರುವವರನ್ನು ಎದ್ದು ನಿಲ್ಲಿಸಿ ಎಣಿಸಿದರೆ ಸಾಕು.

ಇದನ್ನು ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ನಾವು ಓದುವಾಗ, ನಾಲೆ ನೀರು ಮೊದಲು ಕೊನೆಭಾಗದ ಗದ್ದೆಗಳಿಗೆ ಹೋಗಬೇಕು ಅನ್ನೋ ಮಸೂದೆ ತಂದಿದ್ದೆವು. ಮದ್ದೂರು ಕಡೆಯ ಹುಡುಗಿಯೊಬ್ಬಳು ಮೆಲುದನಿಯಲ್ಲಿ, ಒಣಗಿದ ಒಟ್ಲು ಪೈರಿನ (ನಾಟಿಗೆ ಬೆಳೆಸಿದ ಭತ್ತದ ಸಸಿಯ) ಒಂದು ಹಿಡಿ ಎತ್ತಿ ತೋರಿಸಿ ಮಾತಾಡಿದಳು. ಮತಕ್ಕೆ ಹಾಕಿದಾಗ ಹಿಂದಿನ ಬೆಂಚಿನವರು ಡೆಸ್ಕ್ ಬಡಿದು ‘ಇಲ್ಲ’ ಅಂದರು. ಬಿದ್ದೇಹೋಯಿತು ಅಂದುಕೊಂಡೆ. ಬೋರ್ಡಿನ ಮೇಲೆ ಗೆರೆ ಹಾಕಿ ಎಣಿಸಿದರೆ ಪರ 26, ವಿರುದ್ಧ 19!

ಸ್ಪೀಕರ್ ಮೊದಲು ಮತ ಹಾಕುವಂತಿಲ್ಲ. ಸರಿಸಮ ಬಂದರೆ ಮಾತ್ರ ನಿಮ್ಮ ನಿರ್ಣಾಯಕ ಮತ. ಸಂವಿಧಾನದ 100ನೇ ವಿಧಿಯಲ್ಲೇ ಇದೆ. ತಟಸ್ಥರನ್ನು ಬೇರೆ ಬರೆದುಕೊಳ್ಳಿ, ಯಾವ ಕಡೆಗೂ ಸೇರಿಸಬೇಡಿ.