ಫ್ರೆಂಚರ ವಿರುದ್ಧ ಹೋರಾಡಲು ವಿಯೆಟ್ನಾಮಿನ ವಿದ್ಯಾರ್ಥಿಗಳು ಜಪಾನಿಗೆ ಹೋದದ್ದೇಕೆ?

ಫ್ರೆಂಚರ ಆಳ್ವಿಕೆಯಲ್ಲಿದ್ದ ವಿಯೆಟ್ನಾಮಿನ ರಾಷ್ಟ್ರೀಯವಾದಿ ಫಾನ್ ಬೋಯ್ ಚೌ 1905ರಲ್ಲಿ ಗುಟ್ಟಾಗಿ ಜಪಾನಿಗೆ ಹೊರಟದ್ದು ವಿದ್ಯೆಗಾಗಿ ಅಲ್ಲ, ಆಯುಧಕ್ಕಾಗಿ. ರಷ್ಯಾದಂತಹ ಯುರೋಪಿನ ಬಲಾಢ್ಯನನ್ನು ಮಣಿಸಿದ ಏಷ್ಯಾದ ದೇಶ ತಮಗೂ ನೆರವಾಗಬಹುದೆಂದು ಅವರು ನಂಬಿದ್ದರು. ಅಲ್ಲಿ ಚೀನಾದ ಸುಧಾರಕ ಲಿಯಾಂಗ್ ಕಿಚಾವೊ ಅವರನ್ನು ಕಂಡರು. ಇಬ್ಬರ ಆಡುಮಾತು ಬೇರೆಯಾದರೂ ಓದಿದ್ದ ಶಾಸ್ತ್ರೀಯ ಚೀನಿ ಒಂದೇ. ಹಾಗಾಗಿ ಕುಂಚ ಹಿಡಿದು ಕಾಗದದ ಮೇಲೆ ಬರೆದೇ ಮಾತನಾಡಿದರು! ಲಿಯಾಂಗ್ ಅವರೂ ಜಪಾನಿನ ರಾಜಕಾರಣಿಗಳೂ ಕೊಟ್ಟ ಸಲಹೆ ಒಂದೇ: ಬಂದೂಕಿಗಿಂತ ಮೊದಲು ಜನರನ್ನು ಸಜ್ಜುಗೊಳಿಸಿ.

ಹೀಗೆ ಹುಟ್ಟಿದ್ದು ‘ಡಾಂಗ್ ಡು’, ಅಂದರೆ ಪೂರ್ವದತ್ತ ಪಯಣ. 1908ರ ಹೊತ್ತಿಗೆ ಸುಮಾರು 200 ಯುವಕರು ಟೋಕಿಯೊದಲ್ಲಿ ಓದಿನ ಜೊತೆಗೆ ಸೈನಿಕ ತರಬೇತಿಯನ್ನೂ ಪಡೆಯುತ್ತಿದ್ದರು. ಹಣದ ಬಹುಪಾಲು ಬಂದದ್ದು ದಕ್ಷಿಣ ವಿಯೆಟ್ನಾಮಿನ ಉಳ್ಳವರಿಂದ.

ಆದರೆ ಜಪಾನ್ ತಾನೇ ಸಾಮ್ರಾಜ್ಯ ಕಟ್ಟಲು ಹೊರಟಿತ್ತು. 1907ರಲ್ಲಿ ಫ್ರಾನ್ಸಿನೊಡನೆ ಒಪ್ಪಂದ ಮಾಡಿಕೊಂಡು, ಮರುವರ್ಷ ವಿದ್ಯಾರ್ಥಿಗಳನ್ನು ಚದುರಿಸಿತು. 1909ರಲ್ಲಿ ಫಾನ್ ಅವರನ್ನೂ ಹೊರಹಾಕಿತು. ನನ್ನ ದೃಷ್ಟಿಯಲ್ಲಿ ಇದು ಕಟು ದ್ರೋಹವೇ. ಅದೇ ಜಪಾನಿನ ವೈದ್ಯ ಅಸಾಬಾ ಸಕಿತಾರೊ ಮಾತ್ರ ಸಂಕಷ್ಟದಲ್ಲಿದ್ದ ಈ ಹುಡುಗರಿಗೆ ಹಣ ಕೊಟ್ಟರು. ಅವರು ತೀರಿಕೊಂಡ ಬಳಿಕ, 1918ರಲ್ಲಿ, ಫಾನ್ ಆ ವೈದ್ಯರ ಊರಿಗೆ ಹೋಗಿ ನಿಲ್ಲಿಸಿದ ಕೃತಜ್ಞತೆಯ ಶಿಲಾಶಾಸನ ಇಂದಿಗೂ ಅಲ್ಲಿದೆ.