ಶಾಲೆಗೆ ದುಡ್ಡು ಎಲ್ಲಿಂದ ಬರುತ್ತದೆ, ಹೆಂಚಿಗೆ ಯಾರನ್ನು ಕೇಳಬೇಕು?

ಅಣ್ಣ, ಅಡಿಕೆ ಬೆಳೆಗಾರರ ಗುಂಪಿನಲ್ಲಿ ಶಾಲೆ ವಿಷಯ ಯಾಕೆ ಅಂತ ಯಾರೋ ಮೇಲೆ ಕೇಳಿದ್ದಾರೆ. ಇರಲಿ ಬಿಡಿ, ಅಲ್ಲಿ ಓದುವುದು ನಮ್ಮ ಮಕ್ಕಳೇ ಅಲ್ವಾ. ನೀವು ಕೇಳಿದ್ದು ಇಷ್ಟು: ಊರಿನ ಸರ್ಕಾರಿ ಶಾಲೆಯಲ್ಲಿ 62 ಮಕ್ಕಳು, ಎರಡು ಕೋಣೆ ಸೋರುತ್ತಿವೆ, ಹೆಡ್‌ಮಾಸ್ಟರು ದುಡ್ಡಿಲ್ಲ ಅನ್ನುತ್ತಾರೆ, ಹಾಗಾದರೆ ಸರ್ಕಾರ ಕೊಡುವ ಕೋಟಿಗಟ್ಟಲೆ ಎಲ್ಲಿಗೆ ಹೋಯಿತು? ನಮ್ಮೂರಲ್ಲಿ ಮೂರು ವರ್ಷ ಎಸ್‌ಡಿಎಂಸಿ, ಅಂದರೆ ಪೋಷಕರೇ ಹೆಚ್ಚಿರುವ ಶಾಲಾ ಸಮಿತಿಯ ಅಧ್ಯಕ್ಷನಾಗಿ ಓಡಾಡಿದ್ದೇನೆ, ಕಂಡದ್ದು ಹೇಳುತ್ತೇನೆ.

ಮೇಷ್ಟ್ರು ಸುಳ್ಳು ಹೇಳುತ್ತಿಲ್ಲ. ಬಜೆಟ್ಟಿನಲ್ಲಿ ಶಿಕ್ಷಣಕ್ಕೆ ಅಂತ ಓದುವ ಮೊತ್ತದಲ್ಲಿ ಬಹುಪಾಲು ಸಂಬಳಕ್ಕೇ ಹೋಗುತ್ತದೆ. ಅದು ಖಜಾನೆಯಿಂದ ಮೇಷ್ಟ್ರುಗಳ ಖಾತೆಗೆ ಬೀಳುತ್ತದೆ, ಶಾಲೆ ಕಣ್ಣಿಗೇ ಬೀಳುವುದಿಲ್ಲ. ಪುಸ್ತಕ, ಸಮವಸ್ತ್ರ ಬರುವುದು ದುಡ್ಡಾಗಿ ಅಲ್ಲ. ಬಿಸಿಯೂಟದ ಅಕ್ಕಿ ಕೇಂದ್ರದ್ದು, ಅಡುಗೆ ಖರ್ಚಲ್ಲಿ ಕೇಂದ್ರ 60 ರಾಜ್ಯ 40 ಪಾಲು, ಆದರೆ ಅದರಲ್ಲಿ ಒಂದು ಹೆಂಚು ಕೂಡ ಕೊಳ್ಳುವ ಹಾಗಿಲ್ಲ.

ಮೇಷ್ಟ್ರ ಕೈಗೆ ಸಿಗುವುದು ಶಾಲಾ ಅನುದಾನ. 2018ರಲ್ಲಿ ಶುರುವಾದ ಸಮಗ್ರ ಶಿಕ್ಷಣ ಯೋಜನೆಯದು, ಇದಕ್ಕೂ ಅದೇ 60:40. ಮಕ್ಕಳ ತಲೆ ಎಣಿಸಿ ಕೊಡುತ್ತಾರೆ: 30ರವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000. ನಿಮ್ಮ ಶಾಲೆಗೆ ವರ್ಷಕ್ಕೆ 25,000. ತಿಂಗಳಿಗೆ ಎರಡು ಸಾವಿರ ಚಿಲ್ಲರೆ ಆಯಿತು, ಅದರಲ್ಲೂ ಹತ್ತನೇ ಒಂದು ಭಾಗ ಸ್ವಚ್ಛತೆಗೆ ಎತ್ತಿಡಬೇಕು. ಉಳಿದದ್ದರಲ್ಲಿ ಸೀಮೆಸುಣ್ಣ, ರಿಜಿಸ್ಟರು, ನಲ್ಲಿ ರಿಪೇರಿ. ಇನ್ನೊಂದು ತಮಾಷೆ ನೋಡಿ, ಮಕ್ಕಳು 31 ಇದ್ದದ್ದು 30 ಆದರೆ ಒಂದೇ ಏಟಿಗೆ 15,000 ಕಮ್ಮಿ. ಮಕ್ಕಳು ಕಮ್ಮಿಯಾದರು ಅಂತ ಶಾಲೆಯ ಮಾಡು (ಛಾವಣಿ) ಚಿಕ್ಕದಾಗುತ್ತದೆಯೇ?

ಇನ್ನು ಆ ದುಡ್ಡು ಬರುವ ಹೊತ್ತು. ಶಾಲೆಯ ಖಾತೆ ಈಗ ಝೀರೋ ಬ್ಯಾಲೆನ್ಸಿನದು, ಇಷ್ಟು ಖರ್ಚು ಮಾಡಬಹುದು ಅಂತ ಮೇಲಿನಿಂದ ಮಿತಿ ಹಾಕುತ್ತಾರೆ, ಮಾರ್ಚ್ 31 ದಾಟಿದರೆ ಉಳಿದದ್ದು ಕೈಗೆ ಸಿಗುವುದಿಲ್ಲ. ಒಂದು ವರ್ಷ ನಮಗೆ ಮಾರ್ಚ್ ಎರಡನೇ ವಾರದಲ್ಲಿ ಬಂತು. ಬೇಕಿದ್ದದ್ದು ಬಾಗಿಲು, ಆದರೆ ಬಡಗಿ ಸಿಗಲಿಲ್ಲ, ಕೊನೆಗೆ ಬಣ್ಣ ಬಳಿದು ಬಿಲ್ ಮಾಡಿದೆವು. ಆ ಬಾಗಿಲು ಈಗಲೂ ಹಗ್ಗ ಕಟ್ಟಿಕೊಂಡೇ ನಿಂತಿದೆ.

ಹೆಂಚಿಗೆ ಬೇರೆ ದಾರಿ ಹಿಡಿಯಿರಿ. ಮೊದಲು ಎಸ್‌ಡಿಎಂಸಿ ಸಭೆ ಕರೆದು ಠರಾವು ಮಾಡಿಸಿ. ಕಾನೂನಿನ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಹೆಂಗಸರು ಇರಬೇಕು. ತಾಯಂದಿರು ಬಂದು ಕೂತರೆ ಕೆಲಸ ಬೇಗ ಆಗುತ್ತದೆ, ಇದು ನನ್ನ ಅನುಭವ. ಆಮೇಲೆ ಇಂಜಿನಿಯರ್ ಕರೆದು ಎಸ್ಟಿಮೇಟ್ ಬರೆಸಿ. ಸುಮ್ನೆ ಅರ್ಜಿ ಕೊಟ್ಟರೆ ಅದು ಫೈಲಿನಲ್ಲೇ ಮಲಗುತ್ತದೆ. ಠರಾವು, ಎಸ್ಟಿಮೇಟ್, ಮಳೆ ಬರುವಾಗ ತೆಗೆದ ಫೋಟೋ, ಮೂರನ್ನೂ ಸೇರಿಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಪ್ರತಿ, ಎಂಎಲ್‌ಎಗೆ ಒಂದು ಪ್ರತಿ. ಶಾಸಕರಿಗೆ ವರ್ಷಕ್ಕೆ 2 ಕೋಟಿ ಪ್ರದೇಶಾಭಿವೃದ್ಧಿ ನಿಧಿ ಇರುತ್ತದೆ, ಅದರಲ್ಲಿ ಎರಡು ಕೋಣೆಯ ಮಾಡು ದೊಡ್ಡ ಮಾತಲ್ಲ. ಕೊಟ್ಟ ಪ್ರತಿಗೆಲ್ಲ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ಶೌಚಾಲಯ, ಕುಡಿಯುವ ನೀರಿನದು ಏನಾದರೂ ಇದ್ದರೆ ಪಂಚಾಯಿತಿಯಲ್ಲಿ ಪಿಡಿಒ (ಅಭಿವೃದ್ಧಿ ಅಧಿಕಾರಿ) ಹತ್ತಿರ ಹೋಗಿ, ಗ್ರಾಮಸಭೆಯಲ್ಲಿ ಎದ್ದು ಹೇಳಿ ಕ್ರಿಯಾಯೋಜನೆಗೆ ಸೇರಿಸಿ. ನಮ್ಮ ಶಾಲೆ ಕಾಂಪೌಂಡು ನರೇಗಾದಲ್ಲೇ ಎದ್ದದ್ದು. ಕರೆಂಟು ಬಿಲ್ ಬಾಕಿ ಅಂತ ಮೇಷ್ಟ್ರು ಅಂದರೆ, ಸರ್ಕಾರಿ ಶಾಲೆಗೆ ಕರೆಂಟು, ನೀರು ಉಚಿತ ಅಂತ 2023ರ ರಾಜ್ಯೋತ್ಸವದ ದಿನವೇ ಮುಖ್ಯಮಂತ್ರಿ ಹೇಳಿದ್ದನ್ನು ನೆನಪಿಸಿ.

ಮನೆಗೆ ನೂರು ರೂಪಾಯಿ ಎತ್ತೋಣ ಅಂತ ಮೇಲೆ ಒಬ್ಬರು ಬರೆದಿದ್ದಾರೆ. 2022ರ ಅಕ್ಟೋಬರಿನಲ್ಲಿ ಇಲಾಖೆಯೇ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಅಂತ ಸುತ್ತೋಲೆ ಹೊರಡಿಸಿ, ಗಲಾಟೆಯಾದ ಮೇಲೆ ವಾಪಸ್ ತೆಗೆದುಕೊಂಡಿತ್ತು. ಕೂಲಿ ಮಾಡುವವರ ಮಕ್ಕಳೇ ಜಾಸ್ತಿ ಇರುವ ಕಡೆ ಅದು ಬೇಡ. ಬೇಕಾದರೆ ಹಳೇ ವಿದ್ಯಾರ್ಥಿಗಳನ್ನು ಕೇಳಿ, ರಸೀದಿ ಕೊಟ್ಟು ಎಸ್‌ಡಿಎಂಸಿ ಖಾತೆಗೇ ಹಾಕಿಸಿ.

ಈ ಮಳೆಗಾಲಕ್ಕೆ ಮಾತ್ರ ತಾಡಪಾಲು ಎಳೆದುಬಿಡಿ. ನಾಡಹೆಂಚೋ ಮಂಗಳೂರು ಹೆಂಚೋ, ಹೆಂಚಿನ ಕೆಳಗಿನ ಮರದ ಪಕಾಸಿ ಗಟ್ಟಿ ಇದೆಯೋ ನೋಡಿ ಫೋಟೋ ಹಾಕಿ. ನಮ್ಮ ಹಳೇ ಮನೆ ಕಿತ್ತಾಗ ಉಳಿದ ಮುನ್ನೂರು ಹೆಂಚು ಹಿತ್ತಲಲ್ಲಿವೆ, ಹೊಂದಿದರೆ ತಗೊಂಡು ಹೋಗಿ.