ಚಿಂತಾಮಣಿಯ ಆ ಪುಟ್ಟ ರೈಲು

ನಿಮ್ಮ ತಾತ ಯಲಹಂಕದಿಂದ ಚಿಂತಾಮಣಿಗೆ ಪುಟ್ಟ ರೈಲಲ್ಲಿ ಹೋಗ್ತಿದ್ದೆ ಅಂದದ್ದು ನಿಜವಾ ಅಂತ ಕೇಳಿದ್ದೀರಿ. ಖಂಡಿತ ನಿಜ. ಅದು ನ್ಯಾರೋ ಗೇಜ್ ರೈಲು, ಹಳಿಗಳ ನಡುವೆ ಬರೀ ಎರಡೂವರೆ ಅಡಿ. ಯಲಹಂಕ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ ದಾಟಿ ಕೋಲಾರ, ಬಂಗಾರಪೇಟೆ ಕಡೆಗೆ ಹೋಗುತ್ತಿತ್ತು.

ನಮ್ಮ ಅಜ್ಜಿ ಊರು ಶಿಡ್ಲಘಟ್ಟ, ಹಾಗಾಗಿ ನಾನೂ ಹತ್ತಿದ್ದೇನೆ. ಡಬ್ಬಿ ಎಷ್ಟು ಇಕ್ಕಟ್ಟು ಅಂದ್ರೆ ಎದುರಿಗೆ ಕೂತವರ ಮೊಣಕಾಲು ನಮಗೆ ತಾಗುತ್ತಿತ್ತು. ಕಾಲಡಿ ರೇಷ್ಮೆಗೂಡಿನ ಮೂಟೆ, ಅದರ ವಾಸನೆ ಬೇರೆ. ಕಿಟಕಿಯಿಂದ ತಲೆ ಹಾಕಿದರೆ ಕಣ್ಣಿಗೆ ಕಲ್ಲಿದ್ದಲ ಪುಡಿ. ಅಜ್ಜಿ ಸೆರಗಿನ ತುದಿ ಹುರಿ ಮಾಡಿ ತೆಗೆಯುತ್ತಿದ್ದರು. ಬೈಗುಳ ಫ್ರೀ! ವೇಗದ ವಿಷಯ ಬಿಡಿ, ಬಸ್ಸೇ ವಾಸಿ.

ಈಗ ಅಲ್ಲಿರೋದು ಬ್ರಾಡ್ ಗೇಜ್. ಚಿಕ್ಕಬಳ್ಳಾಪುರ–ಕೋಲಾರ ನಡುವೆ ಅದು ಬಂದಿದ್ದು 2013ರಲ್ಲಿ. ಹಳೇ ಹಳಿ ಹುಡುಕಿದರೆ ಸಿಗೋದು ಕಷ್ಟ. ಆದರೆ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ನಲ್ಲಿ ಆ ಕಾಲದ ಸ್ಟೇಷನ್ ಕಟ್ಟಡಗಳು ಇನ್ನೂ ಇವೆ. ತಾತನಿಗೆ ತೋರಿಸಬೇಕು ಅಂದ್ರೆ ನಂದಿ ಹಾಲ್ಟ್‌ಗೇ ಕರ್ಕೊಂಡು ಹೋಗಿ. ದುರಸ್ತಿ ಚೆನ್ನಾಗಿ ಮಾಡಿದ್ದಾರೆ, ಬೆಟ್ಟವೂ ಎದುರಿಗೇ ಕಾಣುತ್ತೆ.